ಹೆಸರಿನ ಕಳವೂ ಮನೆತನದ ಮಾನವೂ

ಕಳ್ಳನು ಹೊರಗಿನವನಾದರೆ ಊರೆಲ್ಲ ದೊಣ್ಣೆ ಹಿಡಿದು ಬೆನ್ನಟ್ಟುವುದು. ಒಳಗಿನವನಾದರೆ ಅದೇ ಊರು ಕಳೆದುಕೊಂಡವರ ಬಾಯಿಗೆ ಕೈ ಅಡ್ಡವಿಡುವುದು. ಲೋಕದ ಈ ನಡೆವಳಿಕೆ ಹಳೆಯದು. ಆದರೆ ಕಳವಾದ ವಸ್ತು ಚಿನ್ನವೋ ಧಾನ್ಯವೋ ಆಗಿರದೆ, ಒಬ್ಬರ ಹೆಸರು, ರುಜು, ಹೆಬ್ಬೆರಳಿನ ಗುರುತು ಇವುಗಳೇ ಆಗಿರುವಾಗ, ಬಾಯಿ ಮುಚ್ಚಿಸುವ ಈ ಕಾರ್ಯವು ಮೊದಲನೆಯ ಕಳವನ್ನು ಪೂರ್ಣಗೊಳಿಸುವ ಎರಡನೆಯ ಕಳವಾಗಿ ಪರಿಣಮಿಸುತ್ತದೆ. ಮೊದಲನೆಯದರಲ್ಲಿ ಹೆಸರು ಹೋಗುತ್ತದೆ. ಎರಡನೆಯದರಲ್ಲಿ ಅದನ್ನು ಮರಳಿ ಕೇಳುವ ಹಕ್ಕು ಹೋಗುತ್ತದೆ. ಮೊದಲನೆಯದನ್ನು ಮಾಡಿದವನು ಒಬ್ಬ. ಎರಡನೆಯದನ್ನು ಮಾಡುವವರು ಊರಿನ ಗಣ್ಯರು.

ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿ ಹೋಬಳಿಯನ್ನು ನಿದರ್ಶನಕ್ಕೆ ತೆಗೆದುಕೊಳ್ಳಬಹುದು. ಈ ಸೀಮೆಯು ಇತರ ಸೀಮೆಗಳಿಗಿಂತ ಕೆಟ್ಟದೆಂಬ ಕಾರಣದಿಂದಲ್ಲ. ಇಲ್ಲಿಯ ಸ್ಥಿತಿಯು ನಾಡಿನ ಎಲ್ಲ ಹೋಬಳಿಗಳ ಸ್ಥಿತಿಯೇ ಆಗಿರುವುದರಿಂದ. ತುಂಗಭದ್ರೆಯ ನೀರು, ಬತ್ತದ ಗದ್ದೆಗಳು, ವರ್ಷದಿಂದ ವರ್ಷಕ್ಕೆ ಹಬ್ಬುತ್ತಿರುವ ಅಡಕೆಯ ತೋಟ, ಈ ಊರಿನ ಹೆಸರನ್ನೇ ಹೊತ್ತ ಏತ ನೀರಾವರಿ ಯೋಜನೆ, ಇವುಗಳಿಂದ ಭೂಮಿಯ ಬೆಲೆಯು ತಾತಂದಿರು ಎಣಿಸದಷ್ಟು ಏರಿದೆ. ಇಲ್ಲಿಯ ಒಂದು ಮನೆಯನ್ನು ಓದುಗರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಲಿ. ತಂದೆಯು ತೀರಿಕೊಂಡಿದ್ದಾನೆ. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಮಗಳನ್ನು ಚನ್ನಗಿರಿಯ ಕಡೆಗೆ ಕೊಟ್ಟಿದೆ. ಪೌತಿ ಖಾತೆಗಾಗಿ ಬರೆಯಿಸಿದ ವಂಶವೃಕ್ಷದಲ್ಲಿ ಕೊಂಬೆಗಳು ಎರಡೇ. ಮೂರನೆಯದನ್ನು ಬರೆಯುವಾಗಲೇ ಕಡಿದಿದೆ. ಅಥವಾ ಹಕ್ಕು ಬಿಡುಗಡೆ ಪತ್ರದಲ್ಲಿ ಅವಳ ಹೆಸರೂ ಇದೆ, ಹೆಬ್ಬೆಟ್ಟೂ ಇದೆ. ಆದರೆ ಹೆಬ್ಬೆಟ್ಟು ಅವಳದಲ್ಲ. ಅಥವಾ ತವರಿನಲ್ಲಿ ಉಳಿದಿದ್ದ ಆಧಾರ್ ಚೀಟಿಯ ಪ್ರತಿಯೊಂದರಿಂದ ಅವಳ ಹೆಸರಿನಲ್ಲಿ ಸಾಲ ಎತ್ತಿದೆ. ಕಂತು ವಸೂಲಿಗೆ ಬಂದವನು ಬಾಗಿಲು ತಟ್ಟಿದಂದೇ ತಾನು ಸಾಲಗಾರಳೆಂಬುದು ಅವಳಿಗೆ ತಿಳಿಯುತ್ತದೆ. ಹೀಗೂ ನಡೆಯುವುದುಂಟೆ ಎಂದು ಶಂಕಿಸುವವರು ಯಾವುದಾದರೂ ತಾಲ್ಲೂಕು ನ್ಯಾಯಾಲಯದಲ್ಲಿ ಪಾಲು ವಿಭಾಗದ ದಾವೆಗಳನ್ನು ಕೆಲವು ದಿನ ಕುಳಿತು ಆಲಿಸಲಿ.

ಈ ಕಳವು ಈಚೆಗೆ ಹೆಚ್ಚಲು ಕಾರಣವೇನು? ಬೆಲೆಯಿಲ್ಲದ ವಸ್ತುವನ್ನು ಯಾರೂ ಕದಿಯರು. ಹೆಣ್ಣುಮಗಳ ರುಜುವಿಗೆ ಬೆಲೆಯಿಲ್ಲದಿದ್ದ ಕಾಲದಲ್ಲಿ ಅದನ್ನು ಕದಿಯುವ ಅಗತ್ಯವೂ ಇರಲಿಲ್ಲ. ಅವಳನ್ನು ಕೇಳದೆಯೇ ಎಲ್ಲವೂ ನಡೆಯುತ್ತಿತ್ತು. ಈ ಹೋಬಳಿಯು ಸೇರಿದ್ದ ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಬಗ್ಗೆ ಕಾಯಿದೆಯೊಂದನ್ನು ಮಾಡಿ ಕೆಲವು ಹಕ್ಕುಗಳನ್ನಿತ್ತಿತು. 1994ರಲ್ಲಿ ಕರ್ನಾಟಕವು ಹಿಂದೂ ಉತ್ತರಾಧಿಕಾರ ಕಾಯಿದೆಯನ್ನು ತಿದ್ದಿ ಮಗಳನ್ನೂ ಪಿತ್ರಾರ್ಜಿತದ ಸಹಭಾಗಿಯನ್ನಾಗಿ ಮಾಡಿತು. ಆದರೆ ಅಷ್ಟರೊಳಗೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಆ ಭೇದವನ್ನೂ ತೊಡೆಯಿತು. ತಂದೆಯು ಆ ದಿನ ಬದುಕಿರಲಿ, ಬಿಡಲಿ, ಮಗಳ ಹಕ್ಕು ಹುಟ್ಟಿನಿಂದಲೇ ಬಂದುದೆಂದು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಪಿತ್ತಿತು. ಅಂದಿನಿಂದ ತೋಟ ಮಾರಬೇಕಾದರೂ ಸಾಲ ತರಬೇಕಾದರೂ ಅವಳ ರುಜು ಬೇಕಾಯಿತು. ಒಳ್ಳೆಯ ಅಣ್ಣಂದಿರು ಅವಳನ್ನು ಕರೆದು ಕೇಳಿದರು. ಕೆಲವರು ಸೀರೆ ಕುಪ್ಪಸದ ಹೊದಿಕೆಯಡಿಯಲ್ಲಿ ಕಾಗದವನ್ನಿಟ್ಟು ಕೇಳಿದರು. ಇನ್ನು ಕೆಲವರಿಗೆ ಕೇಳುವ ಶ್ರಮವೂ ಬೇಡವಾಯಿತು. ಕಾಯಿದೆಯು ಅವಳ ಕೈಗೆ ಕೊಟ್ಟುದನ್ನು ಅವಳದೆಂಬ ಬೇರೊಂದು ಕೈಯಿಂದ ಮರಳಿ ಪಡೆದುಕೊಂಡರು.

ಇದನ್ನು ಸಮರ್ಥಿಸುವವರ ಮೊದಲನೆಯ ಮಾತು, ಅವಿಭಕ್ತ ಕುಟುಂಬದಲ್ಲಿ ಎಲ್ಲವೂ ಎಲ್ಲರದು, ಒಬ್ಬರ ಹೆಸರನ್ನು ಇನ್ನೊಬ್ಬರು ಬಳಸಿದರೆ ಕಳವು ಹೇಗಾದೀತು, ಎಂಬುದು. ಶಾಸ್ತ್ರವನ್ನು ಓದದವರ ಮಾತಿದು. ಅವಿಭಕ್ತ ಕುಟುಂಬದ ಧರ್ಮವನ್ನು ವಿವರಿಸಿದ ಮಿತಾಕ್ಷರೆಯು ಹೊರಗಿನಿಂದ ಬಂದುದಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ರಚಿಸಿದುದು. ಸಹಭಾಗಿಯ ಹಕ್ಕು ಹುಟ್ಟಿನಿಂದಲೇ ಒದಗುತ್ತದೆಂಬುದು ಅದರ ಮೂಲಸಿದ್ಧಾಂತ. ಮಿತಾಕ್ಷರ ಪದ್ಧತಿಯಲ್ಲಿ ಮನೆಯ ಯಜಮಾನನು ಕುಟುಂಬದ ಅವಶ್ಯಕತೆಗಾಗಿ ಆಸ್ತಿಯನ್ನು ಪರಭಾರೆ ಮಾಡಬಲ್ಲನು; ಹಾಗೆ ಮಾಡುವಾಗಲೂ ತನ್ನ ಹೆಸರಿನಲ್ಲಿ, ತನ್ನ ರುಜುವಿನಿಂದ, ತನ್ನ ಹೊಣೆಯ ಮೇಲೆ ಮಾಡಬೇಕು. ತಂಗಿಯ ಹೆಬ್ಬೆರಳು ಕುಟುಂಬದ ಆಸ್ತಿಯೆಂದು ಯಾವ ಧರ್ಮಶಾಸ್ತ್ರಕಾರನೂ ಬರೆದಿಲ್ಲ. ಎಲ್ಲವೂ ಎಲ್ಲರದಾಗಿದ್ದರೆ ಸುಳ್ಳು ರುಜುವಿನ ಪ್ರಯೋಜನವೇನಿತ್ತು? ಸುಳ್ಳು ರುಜು ಹಾಕಿದವನೇ, ಅದು ಇನ್ನೊಬ್ಬರದೆಂದು ಆ ಕೃತ್ಯದಿಂದಲೇ ಒಪ್ಪಿಕೊಂಡಂತಾಯಿತು.

ಎರಡನೆಯ ಮಾತು ಮನೆತನದ ಮಾನದ್ದು. ‘ಆದದ್ದು ಆಗಿಹೋಯಿತು, ಹೊರಗೆ ಹೇಳಿದರೆ ಮನೆಯ ಮಾನ ಹೋಗುತ್ತದೆ’ ಎಂದು ಹಿರಿಯರು ಬುದ್ಧಿ ಹೇಳುತ್ತಾರೆ. ಮಾನವು ಹೋದುದು ಕೃತ್ಯ ನಡೆದಂದೋ, ಅದನ್ನು ಬಾಯಿಬಿಟ್ಟು ಹೇಳಿದಂದೋ? ಅಹಲ್ಯೆಯ ಕಥೆಯನ್ನು ಈ ನಾಡಿನಲ್ಲಿ ಅರಿಯದವರಿಲ್ಲ. ಗೌತಮನ ರೂಪವನ್ನು ಕದ್ದವನು ಇಂದ್ರ. ಅವನೂ ಶಾಪಕ್ಕೆ ಗುರಿಯಾದನೆಂಬುದು ನಿಜ. ಆದರೆ ಸ್ವರ್ಗದ ಗದ್ದುಗೆಯು ಅವನಿಗೇ ಉಳಿಯಿತು, ಕಲ್ಲಾಗಿ ಬಿದ್ದವಳು ಅಹಲ್ಯೆ. ಮಾನದ ಹೆಸರಿನಲ್ಲಿ ಮೌನವನ್ನು ಬೋಧಿಸುವ ಹಿರಿಯರು ಇಂದಿಗೂ ಇದೇ ತೀರ್ಪನ್ನು ಕೊಡುತ್ತಿದ್ದಾರೆ. ರೂಪ ಕದ್ದವನು ಮದುವೆ ಮುಂಜಿಗಳಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವನು. ಕಳೆದುಕೊಂಡವಳು ಮನೆ ಒಡೆದವಳೆನಿಸಿಕೊಂಡು ಹಿಂದೆ ಸರಿಯುವಳು.

ಮೌನದ ಫಲವೇನೆಂಬುದಕ್ಕೆ ಉತ್ತರ ಪ್ರದೇಶದ ಆಜಂಗಢ ಜಿಲ್ಲೆಯ ಲಾಲ್ ಬಿಹಾರಿಯವರ ಚರಿತ್ರೆಯೇ ಸಾಕ್ಷಿ. ತುಂಡು ಜಮೀನಿಗಾಗಿ ಚಿಕ್ಕಪ್ಪನು ಅವರನ್ನು ಸರ್ಕಾರದ ದಫ್ತರದಲ್ಲಿ ಸತ್ತವರೆಂದು ಬರೆಯಿಸಿದನು. ಬ್ಯಾಂಕಿನ ಸಾಲಕ್ಕೆಂದು ಹೋದಾಗ ಅವರಿಗೆ ತಮ್ಮ ಮರಣದ ಸುದ್ದಿ ತಿಳಿಯಿತು. 1975ರಿಂದ 1994ರವರೆಗೆ ಅವರು ಕಾಗದದ ಮೇಲೆ ಮೃತರಾಗಿಯೇ ಉಳಿದರು. ಅವರು ಸುಮ್ಮನಿರಲಿಲ್ಲ. ಹೆಸರಿನ ಮುಂದೆ ‘ಮೃತಕ’ ಎಂದು ಸೇರಿಸಿಕೊಂಡರು. ತಮ್ಮಂತೆಯೇ ಜೀವಂತವಾಗಿ ಸತ್ತವರನ್ನು ಕೂಡಿಸಿ ಮೃತಕ ಸಂಘವನ್ನು ಕಟ್ಟಿದರು. ಬದುಕಿರುವುದನ್ನು ಸಿದ್ಧಪಡಿಸಲು ಚುನಾವಣೆಗೂ ನಿಂತರು. ಇಷ್ಟೆಲ್ಲ ಕೂಗಿದವರಿಗೇ ಹತ್ತೊಂಬತ್ತು ವರ್ಷ ಹಿಡಿದರೆ, ಮಾನಕ್ಕಂಜಿ ಕೂಗದೆ ಇದ್ದವರ ಗತಿಯೇನು? ವಂಶವೃಕ್ಷದಿಂದ ಬಿಟ್ಟುಹೋದ ಕನ್ನಡನಾಡಿನ ಹೆಣ್ಣುಮಗಳಿಗೂ ಅವರಿಗೂ ಇರುವ ಅಂತರವಿಷ್ಟೇ: ಅವರನ್ನು ಸತ್ತರೆಂದು ಬರೆದರು, ಇವಳನ್ನು ಹುಟ್ಟಿಯೇ ಇರಲಿಲ್ಲವೆಂಬಂತೆ ಬರೆದರು.

ಮೂರನೆಯ ಮಾತು ಇವೆರಡಕ್ಕಿಂತ ತೂಕವುಳ್ಳದ್ದು. ಅದನ್ನು ಹಗುರಾಗಿ ತಳ್ಳಿಹಾಕಲಾಗದು. ದೂರು ಕೊಟ್ಟರೆ ಒಡಹುಟ್ಟಿದವನು ಸೆರೆಮನೆಗೆ ಹೋಗುತ್ತಾನೆ, ತವರಿನ ಬಾಗಿಲು ಎಂದೆಂದಿಗೂ ಮುಚ್ಚುತ್ತದೆ, ಎಂಬ ಭೀತಿಯು ಸುಳ್ಳಲ್ಲ. ಶಿಕ್ಷೆ ಘೋರವಾಗಿಯೇ ಇದೆ. ಬೇರೊಬ್ಬರ ಸೋಗಿನಲ್ಲಿ ದಸ್ತಾವೇಜು ನೋಂದಾಯಿಸಿದವನಿಗೆ 1908ರ ನೋಂದಣಿ ಕಾಯಿದೆಯ 82ನೆಯ ಕಲಮು 7 ವರ್ಷಗಳವರೆಗೆ ಸೆರೆವಾಸವನ್ನು ವಿಧಿಸುತ್ತದೆ. ಸೋಗಿನಿಂದ ವಂಚಿಸುವುದಕ್ಕೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 319ನೆಯ ಕಲಮು 5 ವರ್ಷಗಳವರೆಗೂ, ಗುಪ್ತಪದ, ವಿದ್ಯುನ್ಮಾನ ರುಜು ಮೊದಲಾದವನ್ನು ಕದ್ದು ಬಳಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ಕಲಮು 3 ವರ್ಷಗಳವರೆಗೂ ಶಿಕ್ಷೆಯನ್ನು ಹೇಳುತ್ತವೆ. ಇವುಗಳಲ್ಲಿ ಎಲ್ಲಿಯೂ ‘ಒಡಹುಟ್ಟಿದವನ ಹೊರತು’ ಎಂಬ ಮಾತಿಲ್ಲ.

ಆದರೆ ಹೆಸರನ್ನು ಮರಳಿ ಪಡೆಯುವುದೂ ಅಣ್ಣನನ್ನು ಸೆರೆಗೆ ಕಳುಹಿಸುವುದೂ ಒಂದೇ ಅಲ್ಲ. ಸುಳ್ಳು ಪತ್ರವು ತನ್ನನ್ನು ಬಂಧಿಸದೆಂದು ಘೋಷಿಸುವಂತೆಯೂ ಅದನ್ನು ರದ್ದುಪಡಿಸುವಂತೆಯೂ ಸಿವಿಲ್ ನ್ಯಾಯಾಲಯವನ್ನು ಬೇಡಲು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯಲ್ಲಿ ದಾರಿಯಿದೆ. ಖಾತೆ ಬದಲಾವಣೆಗೆ ತಹಶೀಲ್ದಾರರ ಮುಂದೆ ತಕರಾರು ಸಲ್ಲಿಸಬಹುದು. ಸೋಗಿನ ವಂಚನೆಯ ಅಪರಾಧದಲ್ಲಿ ವಂಚನೆಗೊಳಗಾದವರು ರಾಜಿಯಾಗುವುದಕ್ಕೂ ಅವಕಾಶವುಂಟು. ಕ್ಷಮೆಗೆ ಕಾನೂನು ಅಡ್ಡಬಂದಿಲ್ಲ. ಅಡ್ಡಬಂದಿರುವುದು ಕ್ರಮದ ತಪ್ಪು: ಹಿರಿಯರು ಕ್ಷಮೆಯನ್ನು ಮೊದಲು ಕೇಳುತ್ತಾರೆ, ಕಾಗದವನ್ನು ಆಮೇಲೆ ನೋಡೋಣವೆನ್ನುತ್ತಾರೆ. ಆ ‘ಆಮೇಲೆ’ ಎಂದೂ ಬರುವುದಿಲ್ಲ. ಮೊದಲು ಕಾಗದ ಸರಿಯಾಗಲಿ, ಸಾಲ ತೀರಲಿ, ಪಹಣಿಯಲ್ಲಿ ಹೆಸರು ಬರಲಿ. ಆ ಬಳಿಕ ಕೊಡುವ ಕ್ಷಮೆಗೆ ಕ್ಷಮೆಯೆಂಬ ಹೆಸರು ಸಲ್ಲುವುದು. ಅದಕ್ಕೆ ಮುಂಚೆ ಕೊಡಿಸಿದ್ದು ಶರಣಾಗತಿ.

ಕಾಲವು ಈ ವಿಷಯದಲ್ಲಿ ತಟಸ್ಥವಲ್ಲವೆಂಬುದನ್ನೂ ಮೌನವಾದಿಗಳು ಗಮನಿಸಬೇಕು. ಕಾಲಪರಿಮಿತಿ ಕಾಯಿದೆಯಂತೆ ದಸ್ತಾವೇಜನ್ನು ರದ್ದುಪಡಿಸುವ ದಾವೆಯನ್ನು ಸಂಗತಿ ತಿಳಿದ ದಿನದಿಂದ 3 ವರ್ಷಗಳೊಳಗೆ ಹೂಡಬೇಕು. ‘ಮುಂದಿನ ಯುಗಾದಿಗೆ ಕುಳಿತು ಮಾತಾಡೋಣ’ ಎಂದು ಮೂರು ಯುಗಾದಿಗಳನ್ನು ಕಳೆಯಿಸಿದ ಪಂಚರು ಅವಳಿಗೆ ಉಪಕಾರ ಮಾಡಿದರೆ, ಅಪಕಾರ ಮಾಡಿದರೆ? ಬ್ಯಾಂಕಿನ ಹಣದ ವಿಷಯವಂತೂ ಇನ್ನೂ ಕಠಿಣ. ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯು, ಗ್ರಾಹಕರದೂ ಬ್ಯಾಂಕಿನದೂ ತಪ್ಪಿಲ್ಲದ ವಂಚನೆಯನ್ನು 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟವಿಲ್ಲವೆಂದಿತು. ಗುಪ್ತಸಂಖ್ಯೆಯನ್ನು ಇನ್ನೊಬ್ಬರಿಗೆ ಹೇಳಿದ್ದರೆ, ದೂರು ಕೊಡುವ ತನಕದ ನಷ್ಟವೆಲ್ಲ ಗ್ರಾಹಕರದೇ ಎಂದೂ, ದೂರು ಕೊಟ್ಟ ಮೇಲಿನ ನಷ್ಟ ಬ್ಯಾಂಕಿನದೆಂದೂ ವಿಧಿಸಿತು. ಕಣ್ಣು ಕಾಣದ ತಾಯಿ ತನ್ನ ಗುಪ್ತಸಂಖ್ಯೆಯನ್ನು ಮಗನಿಗಲ್ಲದೆ ಮತ್ತಾರಿಗೆ ಹೇಳಿಯಾಳು? ಅವಳ ವಿಶ್ವಾಸಕ್ಕೆ ಕಾನೂನಿನ ಭಾಷೆಯಲ್ಲಿ ಅಜಾಗರೂಕತೆಯೆಂದು ಹೆಸರು. ಹೀಗಿರುವಾಗ ಮನೆಯ ಮಾನಕ್ಕಾಗಿ ಸುಮ್ಮನಿದ್ದ ಒಂದೊಂದು ದಿನದ ಬೆಲೆಯನ್ನೂ ಅವಳೇ ತೆರಬೇಕು.

ಆದುದರಿಂದ ಮಾಡತಕ್ಕ ಕೆಲಸ ಸ್ಪಷ್ಟವಾಗಿದೆ. ಹಣ ಹೋಗಿದ್ದರೆ 1930 ಸಂಖ್ಯೆಗೆ ಕರೆ ಮಾಡಿ ಬ್ಯಾಂಕಿಗೂ ಬರೆದು ತಿಳಿಸಿ ಸ್ವೀಕೃತಿ ಪಡೆಯುವುದು. ಆಧಾರಿನ ಬೆರಳಗುರುತಿಗೆ ಬೀಗ ಹಾಕಿಸುವುದು. ಸಾಲದ ಇತಿಹಾಸ ತೋರುವ ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ಉಚಿತವಾಗಿ ದೊರೆಯುವ ವರದಿಯನ್ನು ತರಿಸಿ, ತನ್ನದಲ್ಲದ ಸಾಲಕ್ಕೆ ಆಕ್ಷೇಪಣೆ ಬರೆಯುವುದು. ಆ ಆಕ್ಷೇಪಣೆಯನ್ನು 30 ದಿನಗಳೊಳಗೆ ತೀರಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮವು 2024ರಲ್ಲಿ ಜಾರಿಗೆ ಬಂದಿತು. ಭೂಮಿಯ ವಿಷಯದಲ್ಲಿ ಋಣಭಾರ ಪತ್ರವನ್ನೂ ದಸ್ತಾವೇಜಿನ ದೃಢೀಕೃತ ನಕಲನ್ನೂ ಪಡೆದು, ಹೆಬ್ಬೆಟ್ಟನ್ನೂ ಭಾವಚಿತ್ರವನ್ನೂ ಗುರುತಿಸಿದ ಸಾಕ್ಷಿಗಳ ಹೆಸರನ್ನೂ ನೋಡುವುದು.

ಆ ಸಾಕ್ಷಿಗಳ ಬಗ್ಗೆ ಕಡೆಯದಾಗಿ ಒಂದು ಮಾತು ಅವಶ್ಯ. ಉಪನೋಂದಣಾಧಿಕಾರಿಯು ಎಲ್ಲರ ಮುಖವನ್ನೂ ಬಲ್ಲವನಲ್ಲ. ‘ಈಕೆ ಇಂಥವಳೇ’ ಎಂದು ಊರಿನ ಇಬ್ಬರು ಹೇಳಿದುದನ್ನು ನಂಬುತ್ತಾನೆ. ವಂಶವೃಕ್ಷಕ್ಕೂ ನೆರೆಹೊರೆಯವರ ಹೇಳಿಕೆಯೇ ಆಧಾರ. ಒಂದು ಊಟಕ್ಕೋ ದಾಕ್ಷಿಣ್ಯಕ್ಕೋ ಹಾಕಿದ ಆ ಸಾಕ್ಷಿಯ ರುಜುವಿಲ್ಲದೆ ಈ ಕಳವುಗಳಲ್ಲಿ ಬಹುಪಾಲು ನಡೆಯಲಾರವು. ಮಗಳು ಹುಟ್ಟಿದಾಗ ತೊಟ್ಟಿಲಿಗೆ ಬಂದವರು, ಮದುವೆಯಲ್ಲಿ ಅಕ್ಷತೆ ಹಾಕಿದವರು, ವಂಶವೃಕ್ಷದ ಕಾಗದವನ್ನು ಎದುರಿಗಿಟ್ಟಾಗ ‘ಮಕ್ಕಳು ಇಬ್ಬರೇ’ ಎಂದು ರುಜು ಹಾಕುವುದಾದರೆ, ಅವರು ಮುಂದೆ ಯಾವ ಮುಖದಿಂದ ಪಂಚಾಯಿತಿಯ ಕಟ್ಟೆಯನ್ನೇರಿ ಅವಳಿಗೆ ಮಾನದ ಪಾಠ ಹೇಳುವರು? ಬ್ಯಾಂಕಿನವರೂ ‘ಇದು ನಿಮ್ಮ ಮನೆಯ ಜಗಳ’ ಎಂದು ಅವಳನ್ನು ಹೊರಗೆ ಕಳುಹಿಸುವ ಹಾಗಿಲ್ಲ. ಸಾಲ ಕೊಡುವಾಗ ಮುಖ ನೋಡದೆ ಕೊಟ್ಟ ತಪ್ಪು ಮನೆಯದಲ್ಲ, ಅವರದು.

ಸಾಸ್ವೆಹಳ್ಳಿಯಲ್ಲಾಗಲಿ ಜಗಳೂರಿನಲ್ಲಾಗಲಿ ಹಿರಿಯರೆನಿಸಿಕೊಂಡವರು ಇನ್ನು ಮೇಲೆ ಮೂರು ನೇಮಗಳನ್ನು ಪಾಲಿಸಲಿ. ಕಣ್ಣಾರೆ ಕಾಣದ ರುಜುವಿಗೆ ಸಾಕ್ಷಿ ಹಾಕದಿರಲಿ. ಹೆಣ್ಣುಮಕ್ಕಳ ಹೆಸರಿಲ್ಲದ ವಂಶವೃಕ್ಷಕ್ಕೆ ಹೇಳಿಕೆ ಕೊಡದಿರಲಿ. ಹೆಸರು ಕಳೆದುಕೊಂಡವರು ನ್ಯಾಯ ಕೇಳಿ ಬಂದಾಗ, ತಿದ್ದುಪಡಿಯ ಕಾಗದ ನೋಂದಣಿಯಾಗುವ ತನಕ ರಾಜಿಯ ಮಾತನ್ನೆತ್ತದಿರಲಿ. ಇಷ್ಟನ್ನು ಮಾಡಲಾರದವರು ಮನೆತನದ ಮಾನದ ಬಗ್ಗೆ ಆಡುವ ಮಾತಿಗೆ, ಸುಳ್ಳು ಹೆಬ್ಬೆಟ್ಟಿಗಿರುವಷ್ಟೇ ಬೆಲೆ.