ಯಾವ ಎಚ್ಚರಿಕೆಗೆ ಇನ್ನೂ ಆಯುಸ್ಸಿದೆ?

ಘಾಟಬೋರಾಳ, ಹುಮನಾಬಾದ್, ಬಸವಕಲ್ಯಾಣದ ಕಡೆಯಿಂದ ಹೈದರಾಬಾದ್, ಪುಣೆ, ಬೆಂಗಳೂರಿಗೆ ಸಾಫ್ಟ್‌ವೇರ್ ಕೆಲಸಕ್ಕೆ ಹೋಗುವ ಮಕ್ಕಳ ಕೈಗೆ ಮೊದಲು ಬರುವುದು ಹಿಂದಿನವರು ಬರೆದಿಟ್ಟ ಕೋಡ್. ಅದರೊಡನೆ ಹಿಂದಿನವರ ಭಯಗಳೂ ಬರುತ್ತವೆ.

ಕಂಪ್ಯೂಟರಿಗೆ ಆಜ್ಞೆ ಕೊಡುವ ಶೆಲ್ ಸ್ಕ್ರಿಪ್ಟುಗಳನ್ನೇ ನೋಡಿ. ಎರಡು ಪದಗಳನ್ನು ಹೋಲಿಸುವಾಗ ಎರಡರ ಆರಂಭದಲ್ಲೂ ಎಕ್ಸ್ ಅಕ್ಷರ ಅಂಟಿಸುವ ರೂಢಿ ಇಂದಿಗೂ ಕಾಣುತ್ತದೆ. ಪದ ಅಡ್ಡಗೆರೆಯಿಂದ ಶುರುವಾದರೆ ಹಳೆಯ ಕೆಲವು ಶೆಲ್‌ಗಳು ಎಡವುತ್ತಿದ್ದವು; ಅದಕ್ಕೆ ಈ ಉಪಾಯ. ಒಂದು ಆಜ್ಞೆಯ ಫಲಿತವನ್ನು ಇನ್ನೊಂದರೊಳಗೆ ತರಲು ಡಾಲರ್ ಚಿಹ್ನೆ ಮತ್ತು ಕಂಸ ಬಳಸುವುದನ್ನು 1992ರ ಪಾಸಿಕ್ಸ್ ಮಾನದಂಡವೇ ಒಪ್ಪಿತ್ತು. ಆದರೂ ಬಹುಕಾಲ ಜನ ಅದನ್ನು ಬಳಸಲು ಅಂಜಿದರು. 1979ರ ಬೋರ್ನ್ ಶೆಲ್‌ನ ವಂಶ ಸೋಲಾರಿಸ್ 10 ಕಾರ್ಯಾಚರಣ ವ್ಯವಸ್ಥೆಯಲ್ಲಿ ಇನ್ನೂ ಉಳಿದಿತ್ತು, ಅದಕ್ಕೆ ಆ ಬರವಣಿಗೆ ತಿಳಿಯುತ್ತಿರಲಿಲ್ಲ. 2011ರ ಸೋಲಾರಿಸ್ 11 ಆ ಶೆಲ್ಲನ್ನು ಬದಲಿಸಿತು. ಹಳೆಯ ಸೋಲಾರಿಸ್ ಯಂತ್ರಗಳ ಮೇಲೆ ತಮ್ಮ ಕೋಡ್ ಓಡುವುದಿಲ್ಲವೆಂದು ಖಚಿತವಾದ ತಂಡ, ಆ ಬರವಣಿಗೆ ಕಂಡರೆ ಎಚ್ಚರಿಸುವ ಕೋಡ್ ತಪಾಸಣೆಗಳನ್ನು ತೆಗೆದುಹಾಕಬೇಕು. ಅರ್ಥವಿಲ್ಲದ ಎಚ್ಚರಿಕೆಗಳನ್ನು ದಿನವೂ ಕೇಳಿಸಿಕೊಂಡವನು ಅರ್ಥವಿರುವ ಎಚ್ಚರಿಕೆಗೂ ಕಿವಿಗೊಡುವುದಿಲ್ಲ.

ಆದರೆ ಹಳೆಯದೆಂಬ ಒಂದೇ ಕಾರಣ ಸಾಲದು. 2006ರಲ್ಲಿ ಉಬುಂಟು ಎಂಬ ಕಾರ್ಯಾಚರಣ ವ್ಯವಸ್ಥೆ ತನ್ನ ಮೂಲ ಶೆಲ್ ಸ್ಥಾನಕ್ಕೆ ಬ್ಯಾಷ್ ಬದಲು ಡ್ಯಾಷ್ ತಂದಿತು. ಆ ಸ್ಥಾನದಲ್ಲಿ ಬ್ಯಾಷ್ ಇದ್ದೇ ಇರುತ್ತದೆಂದು ನಂಬಿ ಬರೆದ ಎಷ್ಟೋ ಸ್ಕ್ರಿಪ್ಟುಗಳು ಆಗ ಮುರಿದುಬಿದ್ದವು. ಬ್ಯಾಷ್‌ಗೆ ಮಾತ್ರ ತಿಳಿಯುವ ಪ್ರಯೋಗಗಳನ್ನು ಹಿಡಿಯುವ ತಪಾಸಣೆಗೆ ಇಂದಿಗೂ ಕೆಲಸವಿದೆ.

ನಮ್ಮ ಕನ್ನಡದ್ದೂ ಇದೇ ಕಥೆ. ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಕಡತ, ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅಕ್ಷರಗಳ ಗೋಜಲಾಗಿ ಕಾಣುತ್ತದೆ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದೆ. ಹಾಗೆಂದು ಹಳೆಯ ಫಾಂಟನ್ನು ಗುರುತಿಸಿ ಪರಿವರ್ತಿಸುವ ಸಾಲುಗಳನ್ನು ಈಗಲೇ ಅಳಿಸಿದರೆ, ಕಚೇರಿಗಳಲ್ಲೂ ಮುದ್ರಣಾಲಯಗಳಲ್ಲೂ ಉಳಿದಿರುವ ಆ ಕಾಲದ ಬರಹ ಆ ಫಾಂಟು ಇಲ್ಲದವರ ಕಣ್ಣಿಗೆ ಎಟುಕದು. ಸೋಲಾರಿಸ್‌ನ ಆ ಶೆಲ್ಲನ್ನು ನೆಚ್ಚಿದವರು ವಿರಳ. ನುಡಿಯ ಕಡತಗಳನ್ನು ನೆಚ್ಚಿದವರು ನಮ್ಮ ನಡುವೆಯೇ ಇದ್ದಾರೆ.

ಆದ್ದರಿಂದ ತಪಾಸಣೆ ಬರೆಯುವವರು ಪಕ್ಕದಲ್ಲೇ ಎರಡು ಮಾತು ಬರೆದಿಡಲಿ: ಇದು ಯಾರಿಗಾಗಿ, ಯಾವ ಸ್ಥಿತಿ ಬಂದಾಗ ಇದನ್ನು ಕೈಬಿಡಬಹುದು. ತೆಗೆಯುವವರೂ ಅದನ್ನು ಬೇರೆ ಕೆಲಸದೊಡನೆ ಬೆರೆಸದೆ, ಕಾರಣ ದಾಖಲಿಸಿ ತೆಗೆಯಲಿ. ತೊಂದರೆಯಾದರೆ ಮರಳಿ ತರುವುದು ಸುಲಭ. ಮುಂದೆ ಬರುವ ಹುಡುಗ ಹುಡುಗಿಯರು ಆಗ ಹೆದರಿ ಪಾಲಿಸಬೇಕಿಲ್ಲ, ತಿಳಿದು ತೀರ್ಮಾನಿಸಬಹುದು.