ಗೃಹಸ್ಥರೊಡನೆ ನಾಲ್ಕು ಮಾತು: ವಾಹನದ ಎಣ್ಣೆಯನ್ನು ಎಲ್ಲಿ ಬದಲಿಸಬೇಕು?

ಸವದತ್ತಿ ತಾಲೂಕಿನ ವಾಚಕರೊಬ್ಬರು ಕಳೆದ ತಿಂಗಳು ನಮಗೊಂದು ಪತ್ರವನ್ನು ಬರೆದಿರುವರು. ಅವರ ಮನೆಯಲ್ಲಿ ಒಂದು ಮೋಟಾರು ಸೈಕಲ್ಲು ಇರುವದು. ಮಗನು ಅದರ ಮೇಲೆಯೇ ನೌಕರಿಗೆ ಹೋಗಿಬರುವನು. ಇಂಜಿನಿನ ಎಣ್ಣೆಯನ್ನು ಬದಲಿಸುವ ಕಾಲ ಬಂದಾಗಲೆಲ್ಲ ಮನೆಯಲ್ಲಿ ವಾದವೇಳುವದಂತೆ. ಧಾರವಾಡದಲ್ಲಿರುವ ಕಂಪನಿಯ ಕಾರ್ಯಾಗಾರಕ್ಕೇ ಒಯ್ಯಬೇಕೆಂದು ಮಗನು. ಊರ ಮಿಸ್ತ್ರಿ ಇರುವಾಗ ಅಷ್ಟು ದೂರವೇಕೆಂದು ತಂದೆ. ಇಬ್ಬರಲ್ಲಿ ಯಾರ ಮಾತು ಸರಿಯೆಂದು ತಿಳಿಸಬೇಕಾಗಿ ಆ ಮಹಾಶಯರು ಕೇಳಿರುವರು.

ತಂದೆ-ಮಕ್ಕಳ ವ್ಯಾಜ್ಯದಲ್ಲಿ ನ್ಯಾಯ ಹೇಳಹೋದವನು ಎರಡೂ ಕಡೆಯವರ ಮುನಿಸಿಗೆ ಗುರಿಯಾಗುವದು ಲೋಕರೂಢಿ. ಆದರೂ ಈ ಪ್ರಶ್ನೆ ಒಂದೇ ಮನೆಯದಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಈಗ ಎತ್ತಿನ ಗಾಡಿಗಿಂತ ಮೋಟಾರು ಸೈಕಲ್ಲುಗಳೇ ಹೆಚ್ಚು. ಎಷ್ಟೋ ಮನೆಗಳಲ್ಲಿ ಅದು ಸಾಲದ ಹಣದಿಂದ ಬಂದ ಸೊತ್ತು. ಕಂತು ತೀರುವ ಮೊದಲೇ ಇಂಜಿನು ಹಿಡಿದುಕೊಂಡು ನಿಂತರೆ ಸಾಲವೂ ಉಳಿಯುವದು, ದುರಸ್ತಿಯ ವೆಚ್ಚವೂ ಬೀಳುವದು, ನೌಕರಿಗೆ ಹೋಗುವ ದಾರಿಯೂ ತಪ್ಪುವದು. ಒಂದು ಲೀಟರು ಎಣ್ಣೆಯ ಹಿಂದೆ ಇಷ್ಟು ಸಂಸಾರವು ನಿಂತಿರುವದರಿಂದ ನಾವು ಈ ತಿಂಗಳು ಇದೇ ವಿಷಯವನ್ನು ಎತ್ತಿಕೊಂಡಿರುವೆವು.

ಅಚ್ಚಿಗೆ ಕೀಲೆಣ್ಣೆಯನ್ನು ಹಾಕದೆ ಗಾಡಿಯನ್ನು ಹೂಡಬಾರದೆಂಬದು ನಮ್ಮ ಹಿರಿಯರಿಗೆ ಯಾರೂ ಕಲಿಸಬೇಕಾದ ಮಾತಾಗಿರಲಿಲ್ಲ. ಜೈನ ಮುನಿಗಳ ಆಹಾರಕ್ರಮಕ್ಕೆ ಶಾಸ್ತ್ರಕಾರರು ‘ಅಕ್ಷಮ್ರಕ್ಷಣ’ವೆಂಬ ಹೆಸರನ್ನೂ ಇಟ್ಟಿರುವರು. ಅಚ್ಚಿಗೆ ಎಣ್ಣೆಯನ್ನು ಸವರುವದು ಗಾಡಿಯು ಊರು ಮುಟ್ಟಲಿಯೆಂದು. ಹಾಗೆಯೇ ಉಣ್ಣುವದು ಶರೀರವು ತನ್ನ ಗುರಿಯನ್ನು ಮುಟ್ಟಲಿಯೆಂದು. ಆದರೆ ಗಾಡಿಯ ಗಾಲಿಯು ನಿಮಿಷಕ್ಕೆ ಹತ್ತು ಹದಿನೈದು ಸುತ್ತು ತಿರುಗಿದರೆ ಮೋಟಾರು ಸೈಕಲ್ಲಿನ ಇಂಜಿನು ನಾಲ್ಕೈದು ಸಾವಿರ ಸುತ್ತು ತಿರುಗುವದು. ಅಲ್ಲಿಯ ಎಣ್ಣೆಯು ಲೋಹಕ್ಕೆ ಲೋಹವು ಉಜ್ಜದಂತೆ ತಡೆಯುವದಲ್ಲದೆ ಕಾವನ್ನು ಒಯ್ಯುವದು, ಮಸಿಯನ್ನೂ ಲೋಹದ ಪುಡಿಯನ್ನೂ ತೊಳೆದು ತನ್ನಲ್ಲಿ ಇರಿಸಿಕೊಳ್ಳುವದು, ತುಕ್ಕನ್ನು ತಡೆಯುವದು. ಆದುದರಿಂದ ಎಣ್ಣೆ ಕಪ್ಪಾದ ಮಾತ್ರಕ್ಕೆ ಕೆಟ್ಟಿತೆಂದು ತಿಳಿಯಬಾರದು. ಡೀಸೆಲ್ ಇಂಜಿನಿನಲ್ಲಂತೂ ಹೊಸ ಎಣ್ಣೆಯು ಬಹಳ ಬೇಗನೆ ಕಪ್ಪಾಗುವದು. ಬಣ್ಣವನ್ನು ತೋರಿಸಿ ಹೆದರಿಸುವವನ ಮಾತಿಗೂ, ಬಣ್ಣ ತಿಳಿಯಾಗಿದೆಯೆಂದು ಮುಂದೂಡುವವನ ಮಾತಿಗೂ ಕಿವಿಗೊಡದೆ, ವಾಹನದೊಡನೆ ಬಂದ ಕೈಪಿಡಿಯನ್ನು ತೆರೆದು ನೋಡತಕ್ಕದ್ದು.

ನಮಗೆ ಶ್ರುತಿಯ ಮುಂದೆ ಸ್ಮೃತಿಯು ಹೇಗೋ ವಾಹನದ ವಿಷಯದಲ್ಲಿ ಕೈಪಿಡಿಯ ಮುಂದೆ ಉಳಿದವರ ಅಭಿಪ್ರಾಯವು ಹಾಗೆ. ವಿರೋಧ ಬಂದರೆ ಕೈಪಿಡಿಯೇ ಪ್ರಮಾಣ. ಎಷ್ಟು ಕಿಲೋಮೀಟರಿಗೆ ಅಥವಾ ಎಷ್ಟು ತಿಂಗಳಿಗೆ ಬದಲಿಸಬೇಕೆಂಬದು ಅದರಲ್ಲಿ ಇರುವದು. ಎರಡರಲ್ಲಿ ಯಾವದು ಮೊದಲು ಬರುವದೋ ಅದನ್ನು ಹಿಡಿಯಬೇಕು. ಟ್ರ್ಯಾಕ್ಟರಿಗೆ ಕಿಲೋಮೀಟರಿನ ಲೆಕ್ಕವಲ್ಲ, ದುಡಿದ ಗಂಟೆಗಳ ಲೆಕ್ಕ. ಕಬ್ಬು ಸಾಗಿಸುವ ದಿನಗಳಲ್ಲಿ ಆ ಗಂಟೆಗಳು ನಾವು ಎಣಿಸಿದ್ದಕ್ಕಿಂತ ಬೇಗ ತುಂಬುವವು. ಧೂಳಿನ ದಾರಿಯಲ್ಲಿಯೂ, ಪದೇ ಪದೇ ಸಣ್ಣ ಓಟದಲ್ಲಿಯೂ ಓಡುವ ವಾಹನಕ್ಕೆ ಅವಧಿಗಿಂತ ಮೊದಲೇ ಬದಲಿಸುವದು ಹಿತ.

ಯಾವ ಎಣ್ಣೆಯೆಂಬದೂ ಕೈಪಿಡಿಯಲ್ಲಿಯೇ ಇರುವದು. ಡಬ್ಬಿಯ ಮೇಲೆ ‘೧೦ಡಬ್ಲ್ಯೂ-೩೦’, ‘೨೦ಡಬ್ಲ್ಯೂ-೫೦’ ಎಂದು ಅಚ್ಚಾಗಿರುವದನ್ನು ವಾಚಕರು ಕಂಡಿರಬಹುದು. ಮೊದಲಿನ ಅಂಕಿಯು ಚಳಿಯಲ್ಲಿ ಎಣ್ಣೆಯು ಹರಿಯುವ ಬಗೆಯನ್ನೂ, ಕಡೆಯದು ಕಾಯ್ದ ಇಂಜಿನಿನಲ್ಲಿ ಅದಕ್ಕೆ ಉಳಿಯುವ ಗಟ್ಟಿತನವನ್ನೂ ಹೇಳುವವು. ಇನ್ನೊಂದು ಗುರುತು ‘ಜಾಸೋ’ ಎಂಬದು. ಮೋಟಾರು ಸೈಕಲ್ಲಿನ ಕ್ಲಚ್ಚು ಸಾಮಾನ್ಯವಾಗಿ ಇಂಜಿನಿನ ಎಣ್ಣೆಯಲ್ಲಿಯೇ ಮುಳುಗಿರುವದು. ಅದಕ್ಕೆ ‘ಎಂ.ಎ.’ ವರ್ಗದ ಎಣ್ಣೆ ತಕ್ಕದ್ದು. ಗೇರು ಹಾಕಬೇಕಿಲ್ಲದ ಸ್ಕೂಟರಿಗೆ ‘ಎಂ.ಬಿ.’ ವರ್ಗದ್ದು. ಕಾರಿಗೆಂದು ತಂದ ನುಣುಪಾದ ಎಣ್ಣೆಯನ್ನು ಮೋಟಾರು ಸೈಕಲ್ಲಿಗೆ ಸುರಿದರೆ ಕ್ಲಚ್ಚು ಜಾರುವ ಸಂಭವವಿರುವದು. ಆದುದರಿಂದ ಒಂದೇ ಪೀಪಾಯಿಯಿಂದ ಎಲ್ಲ ವಾಹನಗಳಿಗೂ ಅಳೆದು ಹಾಕುವ ಅಂಗಡಿಯು, ಅದೆಷ್ಟೇ ಅಗ್ಗವಾಗಿರಲಿ, ತ್ಯಾಜ್ಯ.

ಇನ್ನು ಸ್ಥಳದ ವಿಚಾರ. ವಾಹನವು ಹೊಸದಾಗಿ ವಾರಂಟಿಯ ಅವಧಿಯಲ್ಲಿರುವವರೆಗೆ ಕಂಪನಿಯ ಕಾರ್ಯಾಗಾರಕ್ಕೆ ಹೋಗುವದೇ ನೆಟ್ಟಗೆ. ಅವಧಿಗೆ ಸರಿಯಾಗಿ ಅಲ್ಲಿ ತೋರಿಸಿದ ದಾಖಲೆ ಇಲ್ಲದಿದ್ದರೆ ಮುಂದೆ ದೋಷ ಕಂಡಾಗ ಪರಿಹಾರ ಕೇಳುವದು ಕಷ್ಟವಾಗುವದು. ಉಚಿತ ಸರ್ವಿಸು ಎಂದರೆ ಕೂಲಿಯಷ್ಟೇ ಉಚಿತ, ಎಣ್ಣೆಯ ಬೆಲೆಯನ್ನು ಕೊಡಬೇಕಾಗುವದೆಂಬದನ್ನೂ ಮೊದಲೇ ತಿಳಿದಿರಬೇಕು. ಇಲ್ಲಿಯ ವರೆಗೆ ಮಗನ ಪಕ್ಷವು ಗೆದ್ದಿತು.

ವಾರಂಟಿಯು ಮುಗಿದ ಬಳಿಕ ಮಾತು ಬೇರೆ. ಕಾರುಗಳ ದೊಡ್ಡ ಕಾರ್ಯಾಗಾರಗಳು ಬಹುತರವಾಗಿ ಬೆಳಗಾವಿ, ಹುಬ್ಬಳ್ಳಿ-ಧಾರವಾಡಗಳಲ್ಲಿ ಇರುವವು. ಹೆದ್ದಾರಿಯ ಮೇಲಿರುವ ಕಿತ್ತೂರಿನವರಿಗೆ ಎರಡೂ ಊರು ಸಮೀಪ. ರಾಮದುರ್ಗದವರಿಗೆ ಹೋಗಿಬರುವದರಲ್ಲಿಯೇ ದಿನವು ಕಳೆಯುವದು. ದಿನದ ಕೂಲಿಯನ್ನೂ ದಾರಿಯ ಪೆಟ್ರೋಲನ್ನೂ ಲೆಕ್ಕಕ್ಕೆ ಹಿಡಿದರೆ ಎಣ್ಣೆಯ ಬೆಲೆಯೇ ಸಣ್ಣದಾಗುವದು. ದೊಡ್ಡ ಕಾರ್ಯಾಗಾರದಲ್ಲಿ ವಾಹನವನ್ನು ಒಳಗೆ ಒಯ್ದು ಯಜಮಾನನನ್ನು ಹೊರಗೆ ಕುಳ್ಳಿರಿಸುವದೂ ಉಂಟು. ಅಲ್ಲಿ ಏನು ನಡೆಯಿತೆಂಬದಕ್ಕೆ ಪಾವತಿಯ ಕಾಗದವೊಂದೇ ಸಾಕ್ಷಿ. ಊರ ಮಿಸ್ತ್ರಿಯಾದರೋ ಬೀದಿಯಲ್ಲಿಯೇ, ನಮ್ಮ ಕಣ್ಣೆದುರಿಗೇ ಕೆಲಸ ಮಾಡುವನು. ನಾಳೆ ಎಣ್ಣೆ ಸೋರಿದರೆ ಅವನು ಸಂತೆಯಲ್ಲಿ ನಮ್ಮ ಮುಖವನ್ನು ನೋಡಬೇಕಾಗುವದು. ಸಂಸ್ಕೃತದಲ್ಲಿ ಎಣ್ಣೆಗೂ ಗೆಳೆತನಕ್ಕೂ ‘ಸ್ನೇಹ’ವೆಂಬ ಒಂದೇ ಶಬ್ದವಿರುವದು, ಒಳ್ಳೆಯ ಮಿಸ್ತ್ರಿಯಲ್ಲಿ ಎರಡೂ ದೊರೆಯುವವು. ಈ ಭಾಗದಲ್ಲಿ ತಂದೆಯ ಪಕ್ಷವೂ ಬಲವಾದುದೇ.

ಆದರೆ ಮಿಸ್ತ್ರಿಗಳೆಲ್ಲರೂ ಒಂದೇ ತರದವರಲ್ಲ, ಕಾರ್ಯಾಗಾರಗಳೂ ಅಲ್ಲ. ನಮ್ಮ ಅಭಿಪ್ರಾಯದಂತೆ ಫಲಕದ ಗಾತ್ರವನ್ನು ನೋಡದೆ ಕೆಲಸವನ್ನು ನೋಡಬೇಕು. ಒಳ್ಳೆಯವನು ಇಂಜಿನನ್ನು ಸ್ವಲ್ಪ ಬೆಚ್ಚಗೆ ಮಾಡಿ, ಬುಡದ ಬೋಲ್ಟನ್ನು ಬಿಚ್ಚಿ, ಹಳೆಯ ಎಣ್ಣೆಯು ಪೂರ್ತಿಯಾಗಿ ಇಳಿಯುವವರೆಗೆ ತಾಳ್ಮೆಯಿಂದ ಕಾಯುವನು. ಬೋಲ್ಟಿನ ಕೆಳಗಿನ ವಾಶರು ನಸಿದಿದ್ದರೆ ಹೊಸದನ್ನು ಹಾಕುವನು. ಫಿಲ್ಟರು ಇರುವ ವಾಹನವಾದರೆ ಅದನ್ನು ಕೇಳದೆಯೇ ವಿಚಾರಿಸುವನು. ಪಾನಾವನ್ನು ಹಿಡಿದು ಮೈಮೇಲಿನ ಬಲವನ್ನೆಲ್ಲ ಬೋಲ್ಟಿನ ಮೇಲೆ ತೋರಿಸುವದಿಲ್ಲ. ಯಾಕಂದರೆ ಅಲ್ಲಿ ಆಟೆ ಕೆಟ್ಟರೆ ಇಂಜಿನಿನ ಬುಡವೇ ಕೆಟ್ಟಂತೆ. ಮುಚ್ಚಳ ಒಡೆಯದ ಡಬ್ಬಿಯನ್ನು ನಮ್ಮ ಕೈಗೆ ಕೊಟ್ಟು ತೋರಿಸಿದ ಬಳಿಕವೇ ತೆರೆಯುವನು. ಕಡೆಗೆ ಮಟ್ಟವನ್ನು ನೋಡುವ ಕಡ್ಡಿಯನ್ನು ಎತ್ತಿ, ಎರಡು ಗೆರೆಗಳ ನಡುವೆ ಎಣ್ಣೆಯು ನಿಂತುದನ್ನು ತೋರಿಸುವನು. ಕಡಿಮೆಯಾದರೆ ಇಂಜಿನು ಸವೆಯುವದು. ಅತಿಯಾದರೂ ಎಣ್ಣೆಯು ನೊರೆಗಟ್ಟಿ ಕೆಡುಕಾಗುವದು. ಖಾಲಿಯಾದ ಡಬ್ಬಿಗೆ ಅಲ್ಲಿಯೇ ಒಂದು ತೂತು ಹೊಡೆಯಿಸಿರಿ. ಹೆಸರುವಾಸಿಯಾದ ಡಬ್ಬಿಗಳಲ್ಲಿ ಕಳಪೆಯ ಎಣ್ಣೆಯನ್ನು ತುಂಬಿ ಮಾರುವವರಿಗೆ ಬೇಕಾದುದು ಇಂಥ ಹಾಳಾಗದ ಡಬ್ಬಿಯೇ. ದಿನಾಂಕವನ್ನೂ ಮೀಟರಿನ ಅಂಕಿಯನ್ನೂ ಮನೆಯ ವಹಿಯಲ್ಲಿ ಬರೆದಿಡುವ ಕೆಲಸವನ್ನು ಓದುವ ಮಕ್ಕಳಿಗೆ ಒಪ್ಪಿಸಬಹುದು.

ನಾವು ಎಲ್ಲಕ್ಕಿಂತ ದೊಡ್ಡದೆಂದು ಎಣಿಸುವ ಪರೀಕ್ಷೆಯು ಇನ್ನೂ ಒಂದುಂಟು. ಇಳಿಸಿದ ಕಪ್ಪು ಎಣ್ಣೆಯು ಎಲ್ಲಿಗೆ ಹೋಗುವದು? ಗಟಾರಕ್ಕೆ ಚೆಲ್ಲುವವರು, ಬೇಲಿಯ ಬುಡಕ್ಕೆ ಸುರಿಯುವವರು, ದನಗಳ ಹುಣ್ಣಿಗೆ ಹಚ್ಚುವವರೂ ಇರುವರು. ಅದರಲ್ಲಿ ಲೋಹದ ಕಣಗಳೂ ಸುಟ್ಟ ಇಂಧನದ ವಿಷಗಳೂ ಬೆರೆತಿರುವವು. ಮನುಷ್ಯರ ಚರ್ಮಕ್ಕಾಗಲಿ ದನಗಳ ಮೈಗಾಗಲಿ ಅದು ಔಷಧವಲ್ಲ. ಒಂದು ಸಲ ಬದಲಿಸಿದ ಎಣ್ಣೆಯು ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೇರಿಕೆಯ ಪರಿಸರ ಸಂರಕ್ಷಣಾ ಇಲಾಖೆಯು ಎಚ್ಚರಿಸಿರುವದು. ನಮ್ಮ ಸೀಮೆಯ ಬಹಳಷ್ಟು ಹಳ್ಳಗಳು ಕೂಡುವದು ಮಲಪ್ರಭೆಯನ್ನು. ಅವಳ ನೀರು ನವಿಲುತೀರ್ಥದಲ್ಲಿ ರೇಣುಕಾಸಾಗರವಾಗಿ ನಿಂತು, ಹುಬ್ಬಳ್ಳಿ-ಧಾರವಾಡದವರೆಗಿನ ಮನೆಗಳ ಕೊಡಗಳನ್ನು ತುಂಬುವದು. ಯಲ್ಲಮ್ಮನ ಗುಡ್ಡಕ್ಕೆ ಹರಕೆ ಹೊತ್ತು ಹೋಗುವವರು ದಾರಿಯಲ್ಲಿ ತಾಯಿಯ ಹೆಸರಿನ ಆ ಸಾಗರಕ್ಕೆ ಕಪ್ಪೆಣ್ಣೆಯನ್ನು ಕಳುಹಿಸುವದು ತರವಲ್ಲ.

ಭಾರತ ಸರಕಾರದ ೨೦೧೬ರ ನಿಯಮಗಳು ಬಳಸಿದ ಎಣ್ಣೆಯನ್ನು ಅಪಾಯಕರ ತ್ಯಾಜ್ಯಗಳಲ್ಲಿ ಎಣಿಸಿರುವವು. ೨೦೨೪ರ ಏಪ್ರಿಲ್ ೧ರಿಂದ ಅದನ್ನು ಶುದ್ಧೀಕರಣಕ್ಕೆ ಮರಳಿಸುವ ಹೊಣೆಯನ್ನು ಎಣ್ಣೆ ತಯಾರಕರ ಮೇಲೆಯೂ ಹೊರಿಸಿರುವರು. ಸರಿಯಾಗಿ ಶುದ್ಧಿಗೊಳಿಸಿದರೆ ಹಳೆಯ ಎಣ್ಣೆಯಿಂದ ಮತ್ತೆ ಹೊಸ ಎಣ್ಣೆಯನ್ನು ಮಾಡಬರುವದು. ಪೀಪಾಯಿಯಲ್ಲಿ ಕೂಡಿಸಿಟ್ಟು ಪರವಾನಗಿಯುಳ್ಳವರಿಗೆ ಒಪ್ಪಿಸುವ ಅಂಗಡಿಯನ್ನು, ಅಲ್ಲಿ ನಾಲ್ಕು ರೂಪಾಯಿ ಹೆಚ್ಚಾದರೂ, ಆರಿಸಿಕೊಳ್ಳಬೇಕು. ಮನೆಯಂಗಳದಲ್ಲಿ ತಾವೇ ಬದಲಿಸುವ ಉತ್ಸಾಹಿಗಳಿಗೂ ಇದೇ ನಿಯಮ: ಇಳಿಸಿದುದನ್ನು ಡಬ್ಬಿಯಲ್ಲಿ ತುಂಬಿ ಅಂಥ ಅಂಗಡಿಗೆ ಮುಟ್ಟಿಸಬೇಕು.

ಪತ್ರ ಬರೆದ ಮಹಾಶಯರಿಗೆ ನಮ್ಮ ಉತ್ತರವಿಷ್ಟೆ. ವಾರಂಟಿ ಇರುವವರೆಗೆ ಮಗನ ಮಾತನ್ನು ನಡೆಯಿಸಿರಿ. ಅದು ತೀರಿದ ಬಳಿಕ ಕೈಪಿಡಿಯನ್ನು ಹಿಡಿದುಕೊಂಡು ತಂದೆ-ಮಗ ಇಬ್ಬರೂ ಕೂಡಿಯೇ ಊರ ಮಿಸ್ತ್ರಿಯ ಕಡೆಗೆ ಹೋಗಿರಿ. ಡಬ್ಬಿಯನ್ನು ತೋರಿಸಿ ತೆರೆಯುವನೆ, ಮಟ್ಟವನ್ನು ತೋರಿಸುವನೆ, ಕಪ್ಪೆಣ್ಣೆಯನ್ನು ಕೂಡಿಸಿಡುವನೆ ಎಂದು ನೋಡಿರಿ. ಮೂರೂ ಸರಿಯಿದ್ದರೆ ಧಾರವಾಡದ ದಾರಿಯ ಪೆಟ್ರೋಲು ಮನೆಯಲ್ಲಿಯೇ ಉಳಿಯುವದು. ಒಂದು ತಪ್ಪಿದರೂ ಬೇರೊಬ್ಬ ಮಿಸ್ತ್ರಿಯನ್ನು ಹುಡುಕಿರಿ.