ಅರ್ಧರಾತ್ರಿಯಲ್ಲೂ ಕೊಡೆ ಬೇಕು

ಕಳೆದ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ನಾವು ಎಂದಿನಂತೆ ಕ್ಯಾಮೆರಾವನ್ನು ಕೊರಳಿಗೆ ತಗುಲಿಸಿಕೊಂಡು ಸಭಾಂಗಣದ ಎಡಮೂಲೆಯಲ್ಲಿ ನಿಂತಿದ್ದೆವು. ಹೊತ್ತು ರಾತ್ರಿ ಎಂಟೂವರೆ. ವೇದಿಕೆಯ ಮೇಲೆ ಮಕ್ಕಳ ಕೋಲಾಟ ನಡೆದಿತ್ತು. ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಪಕ್ಕಕ್ಕೆ ಬಂದು, ಲೆನ್ಸಿನ ಮೂತಿಗೆ ಹಾಕಿದ್ದ ಕಪ್ಪು ಹುಡ್ಡನ್ನು ನೋಡಿ, “ಅಲ್ರೀ, ಇಲ್ಲಿ ಯಾವ ಬಿಸಿಲು ಕಂಡಿತು ನಿಮಗೆ? ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ!” ಎಂದರು. ಸುತ್ತಲಿದ್ದವರು ನಕ್ಕರು. ನಾವೂ ನಕ್ಕೆವು. ಅವರು ವಯಸ್ಸಿನಲ್ಲಿ ಹಿರಿಯರು, ಮೇಲಾಗಿ ಅಂದಿನ ಊಟದ ವ್ಯವಸ್ಥೆಯೂ ಅವರದೇ. ಅಲ್ಲಿ ವಾದಕ್ಕೆ ನಿಲ್ಲುವುದು ಯಾವ ದೃಷ್ಟಿಯಿಂದಲೂ ಜಾಣತನವಾಗಿರಲಿಲ್ಲ. ಆದರೆ ಗಾದೆಗೆ ಉತ್ತರ ಕೊಡದೆ ಬಿಟ್ಟರೆ ಅದೇ ಸಿದ್ಧಾಂತವಾಗಿ ಕುಳಿತುಬಿಡುತ್ತದೆ. ಆದ್ದರಿಂದ ಈ ಲೇಖನ.

ನಮ್ಮ ವಾದವನ್ನು ಮೊದಲೇ ಹೇಳಿಬಿಡುತ್ತೇವೆ. ಲೆನ್ಸ್ ಹುಡ್ ಅಲಂಕಾರವಲ್ಲ, ಷೋಕಿಯೂ ಅಲ್ಲ. ಹಗಲಿರಲಿ, ಇರುಳಿರಲಿ, ಅದನ್ನು ಹಾಕಿರುವುದೇ ನಿಯಮ, ತೆಗೆಯುವುದು ಅಪವಾದ. ನಮ್ಮಲ್ಲಿ ಬಹುಮಂದಿ ಈ ನಿಯಮವನ್ನು ತಲೆಕೆಳಗು ಮಾಡಿದ್ದಾರೆ. ಹುಡ್ಡನ್ನೂ ಹಿಂದುಮುಂದು ಮಾಡಿದ್ದಾರೆ. ಅದನ್ನು ಉಲ್ಟಾ ತಿರುಗಿಸಿ ಲೆನ್ಸಿನ ಮೈಮೇಲೆ ಕೂರಿಸಿಕೊಂಡೇ ಮದುವೆ ಮುಂಜಿಗಳ ಫೋಟೋ ತೆಗೆಯುತ್ತಾರೆ. ಹಾಗೆ ತಿರುಗಿಸಿ ಇಡುವುದು ಚೀಲದಲ್ಲಿ ಜಾಗ ಉಳಿಯಲಿ ಎಂದು ತಯಾರಕರು ಮಾಡಿಕೊಟ್ಟ ಅನುಕೂಲ. ಅದೇ ಸ್ಥಿತಿಯಲ್ಲಿ ಚಿತ್ರ ತೆಗೆಯುವುದೆಂದರೆ, ಮಡಿಚಿದ ಕೊಡೆಯನ್ನು ಕಂಕುಳಲ್ಲಿಟ್ಟುಕೊಂಡು ಮುಂಬಯಿಯ ಮಳೆಯಲ್ಲಿ ನಡೆದಂತೆ.

ನಾವು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಫೈಲು ನೋಡುವ ಗುಮಾಸ್ತರು. ಆದರೂ ಒಂದು ಕಾಲಕ್ಕೆ ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವರು. ಆ ಪಾಠದ ಒಂದು ಸಾಲು ಇನ್ನೂ ನೆನಪಿದೆ: ಬರಿಯ ಗಾಜಿನ ಮೇಲೆ ಬೆಳಕು ಬಿದ್ದಾಗ ಪ್ರತಿಯೊಂದು ಮೈಯಲ್ಲೂ ಸುಮಾರು ನೂರಕ್ಕೆ 4 ಪಾಲು ಹಿಂದಕ್ಕೆ ಚಿಮ್ಮುತ್ತದೆ. ಲೆನ್ಸ್ ಎಂದರೆ ಒಂದೇ ಗಾಜಲ್ಲ. ಇಂದಿನ ಜೂಮ್ ಲೆನ್ಸುಗಳಲ್ಲಿ ಹತ್ತು ಹದಿನೈದು ಗಾಜುಗಳಿರುವುದು ಸಾಮಾನ್ಯ. ಹೀಗೆ ಚಿಮ್ಮಿದ ಬೆಳಕು ಒಂದು ಗಾಜಿನಿಂದ ಇನ್ನೊಂದಕ್ಕೆ ಪುಟಿಯುತ್ತಾ ಕೊನೆಗೆ ಚಿತ್ರದ ಮೇಲೆ ಹರಡಿಕೊಳ್ಳುತ್ತದೆ. ಆಗ ಕಪ್ಪು ಬೂದಿಯಾಗುತ್ತದೆ, ಬಣ್ಣ ತೊಳೆದ ಸೀರೆಯಂತಾಗುತ್ತದೆ. ಕೆಲವೊಮ್ಮೆ ಬಣ್ಣಬಣ್ಣದ ಚುಕ್ಕೆಗಳು ಸಾಲಾಗಿ ಮೂಡುತ್ತವೆ. ಇದಕ್ಕೆ ಫ್ಲೇರ್ ಎಂದು ಹೆಸರು.

ಚೌಕಟ್ಟಿನೊಳಗಿನ ವಸ್ತುವಿನಿಂದ ಬರುವ ಬೆಳಕು ಬೇಕಾದ ಬೆಳಕು. ಚೌಕಟ್ಟಿನ ಹೊರಗೆಲ್ಲೋ ನಿಂತು ಓರೆಯಾಗಿ ಗಾಜಿನ ಮೇಲೆ ಬೀಳುವ ಬೆಳಕಿಗೆ ಚಿತ್ರದಲ್ಲಿ ಯಾವ ಕೆಲಸವೂ ಇಲ್ಲ. ಸಂಬಂಧವಿಲ್ಲದ ಕಾಗದ ಫೈಲಿನೊಳಗೆ ಸೇರಿಕೊಂಡರೆ ಏನಾಗುತ್ತದೆಂದು ನಮ್ಮಂಥ ಗುಮಾಸ್ತರಿಗೆ ಹೇಳಬೇಕಾಗಿಲ್ಲ. ಹುಡ್ ಎಂಬುದು ಆ ಬಾಗಿಲಲ್ಲಿ ಕೂತ ಜವಾನ. ಕೆಲಸವಿದ್ದವರನ್ನು ಒಳಕ್ಕೆ ಬಿಡುತ್ತಾನೆ, ಸುಮ್ಮನೆ ಬಂದವರನ್ನು ಹೊರಗೇ ತಡೆಯುತ್ತಾನೆ.

ಈಗ ಹಿರಿಯರ ಗಾದೆಗೆ ಬರೋಣ. ರಾತ್ರಿ ಬಿಸಿಲಿಲ್ಲ, ನಿಜ. ಆದರೆ ನಮ್ಮ ವೇದಿಕೆಯ ಎರಡೂ ಬದಿಗೆ ಎತ್ತರದ ಕಂಬಗಳಲ್ಲಿ ಕಟ್ಟಿದ್ದ ದೀಪಗಳು ಏನಾಗಿದ್ದವು? ಸೂರ್ಯನಾದರೋ ಒಬ್ಬನೇ, ಅವನು ಎಲ್ಲಿದ್ದಾನೆಂದು ನಮಗೆ ಗೊತ್ತು. ಸಭಾಂಗಣದಲ್ಲಿ ದಿಕ್ಕಿಗೊಬ್ಬ ಸೂರ್ಯ. ಹಗಲಿಗಿಂತ ರಾತ್ರಿಯೇ ಈ ಕೊಡೆಯ ಅಗತ್ಯ ಹೆಚ್ಚು. ಗಾದೆಯ ಅಲ್ಪ ಮಳೆ ಬಿಸಿಲುಗಳಿಲ್ಲದೆ ಕೊಡೆ ಹಿಡಿದ. ನಾವು ಬೆಳಕಿನ ಮಳೆಯಲ್ಲಿ ನಿಂತು ಹಿಡಿದೆವು. ವ್ಯತ್ಯಾಸವನ್ನು ಬಲ್ಲವರು ಬಲ್ಲರು.

ಎರಡನೆಯ ಆಕ್ಷೇಪಣೆ ಓದಿಕೊಂಡವರದು. “ಇಂದಿನ ಲೆನ್ಸುಗಳಿಗೆ ಲೇಪನವಿದೆ, ಹುಡ್ ಅಜ್ಜನ ಕಾಲದ್ದು” ಎನ್ನುತ್ತಾರೆ. ಲೇಪನದ ಮಹಿಮೆಯನ್ನು ನಾವು ಅಲ್ಲಗಳೆಯುವುದಿಲ್ಲ. ಜರ್ಮನಿಯ ಝೈಸ್ ಕಂಪನಿಯಲ್ಲಿ ಅಲೆಕ್ಸಾಂಡರ್ ಸ್ಮಕುಲಾ 1935ರಲ್ಲಿ ಗಾಜಿನ ಮೇಲೆ ತೆಳುವಾದ ಪದರವನ್ನು ಕೂರಿಸುವ ವಿಧಾನವನ್ನು ರೂಪಿಸಿದರು. ಇಂದಿನ ಹಲವು ಪದರಗಳ ಲೇಪನದಿಂದ ಆ ನೂರಕ್ಕೆ 4 ಪಾಲು ಅರ್ಧಕ್ಕಿಂತಲೂ ಕೆಳಗೆ ಇಳಿದಿದೆ. ಸಂತೋಷ. ಆದರೆ ಸೊನ್ನೆಯಾಗಿಲ್ಲ. ಗಾಜುಗಳ ಸಂಖ್ಯೆ ಹೆಚ್ಚಿದೆ. ಡಿಜಿಟಲ್ ಕ್ಯಾಮೆರಾದ ಸಂವೇದಕವೂ ಸ್ವಲ್ಪ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಸಾಲದ್ದಕ್ಕೆ ಗಾಜಿನ ಮೇಲೆ ನಮ್ಮ ಬೆರಳ ಗುರುತು, ಲೋಕಲ್ ಟ್ರೇನಿನ ಧೂಳು. ಲೇಪನ ಒಳ್ಳೆಯ ರೇನ್‌ಕೋಟು. ಅದಿದೆಯೆಂದು ಜಡಿಮಳೆಯಲ್ಲಿ ಕೊಡೆಯನ್ನು ಮನೆಯಲ್ಲಿಡುತ್ತಾರೆಯೇ? ಗಾಜಿನ ರಕ್ಷಣೆಗೆಂದು ಮುಂದೆ ಯು.ವಿ. ಫಿಲ್ಟರು ತಿರುಪುವವರು ಇನ್ನೂ ಎರಡು ಗಾಜಿನ ಮೈಗಳನ್ನು ಕೈಯಾರೆ ಸೇರಿಸುತ್ತಾರೆ. ಅದರ ಮೇಲಾದರೂ ಹುಡ್ ಹಾಕಬೇಡವೇ? ಕ್ಯಾಮೆರಾ ಗೋಡೆಗೆ ತಾಗಿದಾಗ ಮೊದಲ ಪೆಟ್ಟು ತಿನ್ನುವುದೂ ಅದೇ.

ಮೂರನೆಯ ಆಕ್ಷೇಪಣೆ ನಮ್ಮ ಯುವಕರದು: “ಫ್ಲೇರ್ ಕೂಡ ಒಂದು ಸೌಂದರ್ಯ, ಸಿನಿಮಾದಲ್ಲಿ ಬೇಕೆಂದೇ ಬಳಸುತ್ತಾರೆ.” ಬಳಸುತ್ತಾರೆ, ಒಪ್ಪಿದೆವು. ಆದರೆ ಬೇಕೆಂದು ಬಳಸುವವನಿಗೂ ತಿಳಿಯದೆ ಕೆಡಿಸಿಕೊಳ್ಳುವವನಿಗೂ ಅಂತರವಿದೆ. ನಮ್ಮ ಮೈಸೂರಿನಿಂದ ಈ ಮುಂಬಯಿಗೆ ಬಂದು ಹೆಸರು ಮಾಡಿದ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಚಿತ್ರಕ್ಕಾಗಿ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋದ ಒಳಕ್ಕೆ ತಿರುಗಿಸಿ ಆ ಪ್ರಸಿದ್ಧವಾದ ಬೆಳಕಿನ ಕೋಲನ್ನು ಮೂಡಿಸಿದರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಅದು ಆಮಂತ್ರಣ ಕೊಟ್ಟು ಕರೆಸಿಕೊಂಡ ಬೆಳಕು. ನಮ್ಮ ಚಿತ್ರಗಳಲ್ಲಿ ನುಗ್ಗುವುದು ಕರೆಯದೆ ಬಂದ ಬೆಳಕು. ಮೊದಲು ತಡೆಯಲು ಕಲಿಯಿರಿ, ಬಿಟ್ಟುಕೊಳ್ಳುವ ಕಲೆ ಆಮೇಲೆ.

ಇಷ್ಟು ಬಿಸಿಯಾಗಿ ಬರೆಯುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಮ್ಮ ತಾಯಿಯವರು ಗದಗಿನ ಕಡೆಯ ನಮ್ಮೂರಿನಿಂದ ಮೊದಲ ಬಾರಿಗೆ ಮುಂಬಯಿಗೆ ಬಂದಿದ್ದರು. ಬೇಸಿಗೆಯ ಒಂದು ಸಂಜೆ ಅವರನ್ನು ಮರೀನ್ ಡ್ರೈವಿಗೆ ಕರೆದುಕೊಂಡು ಹೋದೆವು. ನಾರಿಮನ್ ಪಾಯಿಂಟಿನ ಕಡೆ ನಿಂತು ಉತ್ತರಕ್ಕೆ ಮುಖ ಮಾಡಿದರೆ ರಸ್ತೆಯ ಆ ಚೆಲುವಾದ ಬಾಗು ಪೂರ್ತಿ ಕಾಣುತ್ತದೆ. ಆದರೆ ಇಳಿಬಿಸಿಲು ಸಮುದ್ರದ ಮೇಲಿನಿಂದ ಎಡಗಡೆಗೆ ನೇರವಾಗಿ ಹೊಡೆಯುತ್ತದೆ. ಸೂರ್ಯ ಚೌಕಟ್ಟಿನೊಳಗಿಲ್ಲ, ಅಂಚಿನ ಆಚೆಯೇ ಇದ್ದಾನೆ. ಹುಡ್ ಎಂಬುದು ಹುಟ್ಟಿದ್ದೇ ಇಂಥ ಕ್ಷಣಕ್ಕಾಗಿ. ಹುಡ್ ನಮ್ಮ ಚೀಲದಲ್ಲೇ ಇತ್ತು. ಜನ ಕಿಕ್ಕಿರಿದಿದ್ದರು, ಕ್ಯಾಮೆರಾ ದೊಡ್ಡದಾಗಿ ಕಂಡರೆ ಯಾರು ಏನಂದುಕೊಂಡಾರೋ ಎಂಬ ಸಂಕೋಚದಿಂದ ತೆಗೆಯಲಿಲ್ಲ. ತಾಯಿಯವರು ಸಮುದ್ರದ ಕಡೆ ನೋಡುತ್ತಾ ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಒಂದೇ ಚಿತ್ರ ತೆಗೆದೆವು. ಆ ಬಿಸಿಲಿನಲ್ಲಿ ಕ್ಯಾಮೆರಾದ ಪುಟ್ಟ ಪರದೆಯ ಮೇಲೆ ಎಲ್ಲವೂ ಚೆನ್ನಾಗಿಯೇ ಕಂಡಿತು.

ಮನೆಗೆ ಬಂದು ದೊಡ್ಡದು ಮಾಡಿ ನೋಡಿದಾಗ ತಾಯಿಯವರೇ ಕೇಳಿದರು: “ನನ್ನ ಮಾರಿ ಮ್ಯಾಲ ಯಾಕಪಾ ಇಷ್ಟು ಮಂಜು ಕವಿದೈತಿ?” ಮುಂದಿನ ಸಲ ಬಂದಾಗ ಸರಿಯಾಗಿ ತೆಗೆಯುತ್ತೇವೆಂದೆವು. ಮುಂದಿನ ಸಲ ಬರಲಿಲ್ಲ. ಮರುವರ್ಷ ಅವರು ತೀರಿಕೊಂಡಾಗ ಕಟ್ಟು ಹಾಕಿಸಲು ಹುಡುಕಿದರೆ, ಅವರೊಬ್ಬರೇ ಇರುವ ಚಿತ್ರ ಅದೊಂದೇ. ಕಂಪ್ಯೂಟರಿನಲ್ಲಿ ಮಂಜು ಸರಿಸುವ ಸಾಧನವಿದೆ, ಬಳಸಿದೆವು. ಮಂಜು ಒಂದಿಷ್ಟು ಸರಿಯಿತು. ಆದರೆ ಕೈಯ ನೆರಳಿನಲ್ಲಿದ್ದ ಕಣ್ಣುಗಳ ಜಾಗದಲ್ಲಿ ಬರಿಯ ಮರಳು ಮರಳಾದ ಕಲೆ. ಕ್ಯಾಮೆರಾದಲ್ಲಿ ಕಳೆದುಹೋದ ವಿವರವನ್ನು ಯಾವ ಯಂತ್ರವೂ ಹುಟ್ಟಿಸಿಕೊಡಲಾರದು. ಹುಟ್ಟಿಸಿಕೊಟ್ಟರೂ ಅದು ನಮ್ಮ ತಾಯಿಯ ಕಣ್ಣಲ್ಲ. ಹೊಲಕ್ಕೆ ಹೋದವರ ದಾರಿ ನೋಡಿ ನೋಡಿ ಅವರಿಗೆ ಹಣೆಗೆ ಕೈ ಅಡ್ಡ ಹಿಡಿಯುವುದು ಅಭ್ಯಾಸವಾಗಿತ್ತು. ಭೌತಶಾಸ್ತ್ರ ಓದದ ಅವರು ತಮ್ಮ ಹುಡ್ಡನ್ನು ಮರೆತಿರಲಿಲ್ಲ. ಓದಿದ ಮಗ ಮರೆತಿದ್ದ.

ಇರಲಿ. ಹಟ ನಮ್ಮದಲ್ಲವೆಂದು ತೋರಿಸಲು ಅಪವಾದಗಳನ್ನೂ ಹೇಳುತ್ತೇವೆ. ಕ್ಯಾಮೆರಾದಲ್ಲೇ ಇರುವ ಫ್ಲ್ಯಾಷ್ ಬಳಸುವಾಗ ಹುಡ್ ತೆಗೆಯಿರಿ. ಇಲ್ಲವಾದರೆ ಚಿತ್ರದ ಕೆಳಭಾಗದಲ್ಲಿ ಅರ್ಧಚಂದ್ರಾಕಾರದ ನೆರಳು ಬಿದ್ದೀತು. ಹೂವನ್ನೋ ಹುಳವನ್ನೋ ತೀರ ಹತ್ತಿರದಿಂದ ತೆಗೆಯುವಾಗ ಅದರ ನೆರಳೇ ಅಡ್ಡಿ. ಸೂರ್ಯನೇ ಚೌಕಟ್ಟಿನೊಳಗಿದ್ದರೆ ಹುಡ್ ನಿರುಪಯೋಗಿ. ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿದ್ದು ಗಾಳಿ ಜೋರಾಗಿದ್ದರೆ ಹುಡ್ ಹಾಯಿಯಂತೆ ಅಲುಗಾಡಿಸುತ್ತದೆ. ಒಂದು ಲೆನ್ಸಿನ ಹುಡ್ಡನ್ನು ಇನ್ನೊಂದಕ್ಕೆ ಹಾಕಿದರೆ ಮೂಲೆಗಳು ಕಪ್ಪಾಗುತ್ತವೆ, ಇಲ್ಲವೇ ತಡೆಯಬೇಕಾದ ಬೆಳಕು ತಡೆಯುವುದಿಲ್ಲ. ಹೂವಿನ ಎಸಳಿನಂತೆ ಕತ್ತರಿಸಿದ ಹುಡ್ಡುಗಳಲ್ಲಿ ಉದ್ದನೆಯ ಎಸಳುಗಳು ಮೇಲೆ ಕೆಳಗೆ ಬರುವಂತೆ ಕೂರಿಸಬೇಕು. ಚಿತ್ರದ ಚೌಕಟ್ಟು ಅಗಲ ಹೆಚ್ಚು, ಎತ್ತರ ಕಡಿಮೆ. ಆ ಲೆಕ್ಕಕ್ಕೇ ಆ ಆಕಾರ. ಜೂಮ್ ಲೆನ್ಸಿನ ಹುಡ್ ಸಾಮಾನ್ಯವಾಗಿ ಅಗಲವಾದ ನೋಟಕ್ಕೆ ಅಳೆದದ್ದು. ದೂರದ್ದನ್ನು ಹತ್ತಿರಕ್ಕೆಳೆದಾಗ ಅದು ಸಾಲದು, ಅಂಗೈಯನ್ನೂ ಅಡ್ಡ ಹಿಡಿಯಬೇಕು.

ಮೊಬೈಲಿನಲ್ಲಿ ತೆಗೆಯುವವರಿಗೂ ಈ ಮಾತು ಅನ್ವಯಿಸುತ್ತದೆ. ಊರಿನಿಂದ ಬಂದ ನೆಂಟರನ್ನು ಬೆಳಿಗ್ಗೆ ಗೇಟ್‌ವೇಗೆ ಕರೆದೊಯ್ದು, ಸಮುದ್ರದ ಕಡೆಯಿಂದ ಬರುವ ಎಳೆಬಿಸಿಲಿಗೆ ಮೊಬೈಲು ಒಡ್ಡಿ ನಿಲ್ಲುತ್ತೇವೆ. ಮೊದಲು ಅದರ ಗಾಜನ್ನು ಒರೆಸಿ, ಬಳಿಕ ಬೆಳಕು ಬರುವ ಕಡೆಗೆ ಅಂಗೈ ಅಡ್ಡ ಹಿಡಿಯಿರಿ. ಖರ್ಚು ಒಂದು ಪೈಸೆಯೂ ಇಲ್ಲ.

ಹೊರನಾಡಿನಲ್ಲಿರುವ ನಮ್ಮಂಥವರಿಗೆ ಫೋಟೋ ಎಂದರೆ ಬರಿಯ ಹವ್ಯಾಸವಲ್ಲ. ಊರಿನ ಮನೆ, ಅಲ್ಲಿಯ ಹಿರಿಯರು, ವರ್ಷಕ್ಕೊಮ್ಮೆ ಕಾಣುವ ಮುಖಗಳು, ಎಲ್ಲವೂ ನಮ್ಮ ಮಕ್ಕಳಿಗೆ ಸಿಗುವುದು ಈ ಚಿತ್ರಗಳಲ್ಲೇ. ಅವು ಮಸುಕಾದರೆ ಅವರ ಪಾಲಿಗೆ ಊರೇ ಮಸುಕು. ಮುಂದಿನ ಕಾರ್ಯಕ್ರಮದಲ್ಲೂ ನಾವು ಎಡಮೂಲೆಯಲ್ಲಿ ಹುಡ್ ಹಾಕಿಕೊಂಡೇ ನಿಂತಿರುತ್ತೇವೆ. ಹಿರಿಯರು ಮತ್ತೆ ಗಾದೆ ಹೇಳಲಿ, ಬೇಸರವಿಲ್ಲ. ಅವರ ಫೋಟೋವನ್ನೂ ನಾವೇ ತೆಗೆಯುತ್ತೇವೆ, ಮಂಜಿಲ್ಲದೆ.